ಅವನಿನ್ನೂ ನಕ್ಕಿಲ್ಲ

ಜನವರಿ 19

ಅಕ್ಕ,

ಮೊನ್ನೆ ಒಂದು ಕೆಟ್ಟ ಕನಸು ಬಿತ್ತು. ಯಾರಿಗಾದರೂ ಹೇಳಿಬಿಟ್ಟರೆ ಎದೆ ಹಗುರವಾಗಬಹುದು ಎಂದು ಬರೆಯುತ್ತಿದ್ದೇನೆ. ಕನಸಿನಲ್ಲಿ ನಾನು ಇಲ್ಲಿನ ಲಾಂಡ್ರಿಯ ರೋಲರ್ ಇಸ್ತ್ರಿಯ ಮುಂದೆ ನಿಂತಿದ್ದೆ. ಆಸ್ಪತ್ರೆಯ ಹಾಸುಬಟ್ಟೆಗಳು ಒಂದಾದ ಮೇಲೊಂದು ಬರುತ್ತಿದ್ದವು, ನಾನು ಅಂಚು ಹಿಡಿದು ಬಿಸಿ ಉರುಳೆಗಳ ಒಳಗೆ ಬಿಡುತ್ತಿದ್ದೆ. ಆ ಕಡೆಯಿಂದ ಮಗುವಿನ ಅಂಗಿ ಬಂತು, ಬಿಸಿಬಿಸಿಯಾಗಿ, ಗರಿಗರಿಯಾಗಿ. ಅಂಗಿ ಬಂತು, ಮಗು ಬರಲಿಲ್ಲ. ಮೇಸ್ತ್ರಿ "ಮಡಚಮ್ಮಾ, ಏನ್ ನೋಡ್ತಾ ನಿಂತೆ" ಅಂದ. ನಾನು ಮಡಚಿದೆ ಅಕ್ಕ. ಎದ್ದ ಮೇಲೂ ಕಾಡುತ್ತಿರುವುದು ಅದೇ. ಕಿರುಚಬೇಕಿತ್ತು, ಹುಡುಕಬೇಕಿತ್ತು. ಮಡಚಿ ಇಟ್ಟೆ.

ಮಗು ಹೇಗಿದ್ದಾನೆ? ನಿನ್ನ ಮಡಿಲಿಗೆ ಹಾಕಿ ನಾನು ಬಸ್ ಹತ್ತುವಾಗ ಅವನಿಗೆ ಮೂರು ತಿಂಗಳು. ನನ್ನ ಮುಖ ಕಂಡರೆ ಬಾಯಿ ಅಗಲಿಸುತ್ತಿದ್ದ, ಸದ್ದು ಮಾತ್ರ ಬರುತ್ತಿರಲಿಲ್ಲ. ಈಗ ಸದ್ದು ಮಾಡಿ ನಗುತ್ತಾನಾ? ಕತ್ತು ನಿಂತಿತಾ? ಇಲ್ಲಿ ನನ್ನ ಪಕ್ಕ ಬಟ್ಟೆ ಮಡಚುವವಳ ಮೊಮ್ಮಗು ಇದೇ ವಯಸ್ಸಿನದು, ಕೇಕೆ ಹಾಕಿ ನಗುತ್ತದಂತೆ. ಅವಳು ಹೇಳುವಾಗ ನಾನೂ ನಗುತ್ತೇನೆ, ಆಮೇಲೆ ದಿನ ಲೆಕ್ಕ ಹಾಕುತ್ತೇನೆ.

ಜೂನ್ ತನಕ ಒಂದು ದಿನವೂ ತಪ್ಪಿಸದೆ ಮಾಡಿದರೆ ಕೆಲಸ ಕಾಯಂ ಅಂದಿದ್ದಾರೆ. ಕಾಯಂ ಆದವರಿಗೆ ಹಿಂದುಗಡೆ ಒಂದೊಂದು ಕೋಣೆ ಕೊಡುತ್ತಾರೆ, ಮಕ್ಕಳನ್ನು ಇಟ್ಟುಕೊಳ್ಳಬಹುದು. ಕಿಟಕಿಯಿಂದ ಇಣುಕಿ ನೋಡಿದ್ದೇನೆ, ಸಣ್ಣದು, ಬೆಳಕಿದೆ. ಇವನಪ್ಪ ಬದುಕಿದ್ದಿದ್ದರೆ ಇಷ್ಟು ದೂರ ಬರುತ್ತಲೇ ಇರಲಿಲ್ಲ. ಫೋನ್ ಮಾಡು ಅನ್ನಬೇಡ. ಗೇಟಿನ ಫೋನಿಗೆ ಹಿಂದೆ ಸಾಲು ನಿಂತಿರುತ್ತಾರೆ, ನನಗೆ ಅಳು ಬರುತ್ತದೆಯೇ ಹೊರತು ಮಾತು ಬರುವುದಿಲ್ಲ. ಆರನೇ ಕ್ಲಾಸಿಗೆ ಬಿಟ್ಟವಳ ಅಕ್ಷರ, ಹೇಗೋ ಕೂಡಿಸಿ ಓದಿಕೋ.

ನಿನ್ನ ತಂಗಿ


ಜನವರಿ 30

ತಂಗಿಗೆ,

ನಿನ್ನ ಕನಸು ಓದಿ ನಿನ್ನ ಭಾವ "ಇವಳಿಗೆ ಕನಸಿನಲ್ಲೂ ಓವರ್ ಟೈಮ್ ಹಾಕಿದಾರೆ" ಅಂದರು. ನೀನು ಚಿಕ್ಕವಳಿದ್ದಾಗಲೂ ಹೀಗೇ. ಪೆನ್ಸಿಲ್ ಮುರಿದರೆ ಪರೀಕ್ಷೆಯೇ ಹೋಯಿತು ಎಂದು ಅತ್ತವಳು.

ನಮ್ಮ ದೊರೆಗಳು ಸುಖವಾಗಿದ್ದಾರೆ. ಹಾಲು ಕುಡಿಯುತ್ತಾರೆ, ಮಲಗುತ್ತಾರೆ, ಎದ್ದು ಚಾವಣಿ ಫ್ಯಾನಿನ ಜೊತೆ ಗಹನವಾದ ಮಾತುಕತೆ ನಡೆಸುತ್ತಾರೆ. ಸದ್ದು ಮಾಡಿ ನಗುವುದು ಇನ್ನೂ ಶುರುವಾಗಿಲ್ಲ. ನಗುವ ಹಾಗೆ ಮುಖ ಮಾಡುತ್ತಾನೆ, ಇವತ್ತೋ ನಾಳೆಯೋ ಅನ್ನುವ ಹಾಗಿದೆ. ಕತ್ತೂ ಅಷ್ಟೇ, ನಿಲ್ಲುವ ಹಾಗಿದೆ. ನೀನು ಬಂದು ನೋಡುವೆಯಂತೆ.

ಹನ್ನೊಂದು ವರ್ಷ ಕಾರ್ಖಾನೆಯ ಕೂಸಿನ ಮನೆಯಲ್ಲಿ ಆಯಾ ಆಗಿದ್ದವಳು ನಾನು. ಎಷ್ಟು ಮಕ್ಕಳು ಈ ಮಡಿಲಲ್ಲಿ ಉಚ್ಚೆ ಹೊಯ್ದು ದೊಡ್ಡವರಾಗಿ ಹೋದವು! ನಿನ್ನ ಮಗ ಬೇರೆ ಲೋಕದಿಂದ ಇಳಿದಿಲ್ಲ. ಊಟ ಬಿಡಬೇಡ.

ಅಕ್ಕ


ಫೆಬ್ರವರಿ 21

ಅಕ್ಕ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಅದನ್ನು ಎಷ್ಟು ಸಲ ಓದಿದ್ದೇನೋ, ಮಡಿಕೆಯ ಹತ್ತಿರ ಹರಿದಿದೆ. ಪ್ರತಿ ಸಲವೂ ಒಂದೇ ಕಡೆ ನಿಲ್ಲುತ್ತೇನೆ, "ಇನ್ನೂ ಶುರುವಾಗಿಲ್ಲ." ಈಗ ಶುರುವಾಯಿತಾ? ನಾಲ್ಕೂವರೆ ತಿಂಗಳಾಯಿತಲ್ಲ.

ಇಲ್ಲಿ ಮಕ್ಕಳ ವಾರ್ಡಿನ ಬಟ್ಟೆ ಬೇರೆಯಾಗಿ ಬರುತ್ತದೆ, ಚಿಕ್ಕ ಮೂಟೆ. ತರುವ ನರ್ಸಮ್ಮ ಒಳ್ಳೆಯವರು, ನಿಂತು ನಾಲ್ಕು ಮಾತಾಡುತ್ತಾರೆ. ಹೇಗೋ ಧೈರ್ಯ ಮಾಡಿ ಕೇಳಿದೆ. ಅವರು "ಎದುರಿಗೆ ಏನಾದ್ರೂ ಹಿಡಿದ್ರೆ ಕೈ ಚಾಚ್ತಾನಾ?" ಅಂದರು. ಗೊತ್ತಿಲ್ಲ ಅಂದೆ. ತಾಯಿಗೆ ಗೊತ್ತಿಲ್ಲ! ಬಾಯಿಂದ ಆ ಮಾತು ಹೊರಡುವಾಗ ನೆಲ ಬಿರಿಯಬಾರದಾ ಅನ್ನಿಸಿತು.

ಅದಕ್ಕೆ ಒಂದು ಕೆಲಸ ಮಾಡು. ಬೀಗದ ಕೈ ಗೊಂಚಲನ್ನು ಅವನೆದುರಿಗೆ ಹಿಡಿದು ಅಲ್ಲಾಡಿಸು. ನೋಡುತ್ತಾನಾ, ಕೈ ಚಾಚುತ್ತಾನಾ, ಹಿಡಿಯುತ್ತಾನಾ. ಆಮೇಲೆ ಮಗುಚಿಕೊಳ್ಳುತ್ತಾನಾ ಅದನ್ನೂ ಬರಿ. ತಮಾಷೆ ಬೇಡ ಅಕ್ಕ, ಇದ್ದದ್ದು ಇದ್ದ ಹಾಗೆ ಬರಿ.

ನಿನ್ನ ತಂಗಿ


ಮಾರ್ಚ್ 6

ತಂಗಿಗೆ,

ಬೀಗದ ಕೈ ಅಲ್ಲಾಡಿಸಿಯೂ ಆಯಿತು. ದೊರೆಗಳು ನೋಡಿದರು. ಕೈ ಚಾಚುವುದೇನು, ಬೇಕಾದ್ದನ್ನು ಆಳುಗಳು ತಂದು ಕೈಗಿಡಬೇಕಲ್ಲ! ಮಗುಚುವುದೂ ಅಷ್ಟೇ, ಒಂದು ಪಕ್ಕಕ್ಕೆ ವಾಲಿ ಯೋಚನೆ ಮಾಡುತ್ತಾನೆ. ನಿನ್ನ ಭಾವನ ಹಾಗೆ ಸೋಮಾರಿ, ರಕ್ತಸಂಬಂಧ ಇಲ್ಲದಿದ್ದರೂ ಗುಣ ಬಂದಿದೆ. ಈ ಮಾತಿಗೆ ನಿನ್ನ ಭಾವ ನನ್ನನ್ನು ಒಂಥರಾ ನೋಡಿ ಎದ್ದು ಹೋದರು. ಅವರಿಗೆ ಈಚೆಗೆ ತಮಾಷೆ ಹಿಡಿಸುವುದಿಲ್ಲ.

ಎಲ್ಲದಕ್ಕೂ ಹೊತ್ತಿದೆ, ಬರುತ್ತದೆ. ಎಲ್ಲ ನಿನ್ನ ಕಣ್ಣೆದುರೇ ಆಗುತ್ತದೆ, ನೋಡುತ್ತಿರು. ಯಾರ್‍ಯಾರನ್ನೋ ಕೇಳಿ ತಲೆ ಕೆಡಿಸಿಕೊಳ್ಳಬೇಡ.

ಅಕ್ಕ


ಮಾರ್ಚ್ 24

ಅಕ್ಕ,

ಅಕ್ಷರ ಸೊಟ್ಟ ಇದೆ, ತೊಡೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅದಕ್ಕೆ.

ನಿನ್ನ ಕಾಗದವನ್ನು ನರ್ಸಮ್ಮನಿಗೆ ಓದಿ ಹೇಳಿದೆ. ದೊರೆ ಅನ್ನುವ ಮಾತಿಗೆ ಅವರು ನಗಬಹುದು ಅಂದುಕೊಂಡಿದ್ದೆ. ನಗಲಿಲ್ಲ. ಮೂಟೆ ಕೆಳಗಿಟ್ಟು "ಇನ್ನೊಂದ್ಸಲ ಓದಮ್ಮ" ಅಂದರು. ಓದಿದೆ. "ಕೈ ಚಾಚೋದೇ ಇಲ್ವಾ? ಸದ್ದು ಮಾಡಿ ನಗೋದೂ ಇಲ್ಲ? ಆರು ತಿಂಗಳಾಗ್ತಾ ಬಂತಲ್ವಾ?" ಅಂದರು. ಆಮೇಲೆ ನನ್ನ ಭುಜ ಮುಟ್ಟಿ "ಒಂದ್ಸಲ ಡಾಕ್ಟರಿಗೆ ತೋರಿಸ್ಬೇಕು ಕಣಮ್ಮ, ಕರ್ಕೊಂಡ್ ಬಾ" ಅಂದರು. ಭುಜ ಮುಟ್ಟಿದಾಗಲೇ ನನಗೆ ಅರ್ಥವಾಯಿತು. ಸುಮ್ಮಸುಮ್ಮನೆ ಯಾರೂ ಭುಜ ಮುಟ್ಟುವುದಿಲ್ಲ.

ನಿನಗೆ ಹೇಳದೆ ಇದ್ದದ್ದು ಒಂದಿದೆ. ಹೊರಡುವ ಮೊದಲು ಎದೆಹಾಲು ನಿಲ್ಲಿಸಲು ಮಾತ್ರೆ ತಂದೆನಲ್ಲ, ಅದನ್ನು ಬಸ್ ಹತ್ತಿದ ಮೇಲೆ ನುಂಗುತ್ತೇನೆ ಎಂದು ಹೇಳಿದ್ದೆ. ಹಿಂದಿನ ದಿನವೇ ನುಂಗಿದೆ. ಬಸ್ಸಿನಲ್ಲಿ ಸೀರೆ ಒದ್ದೆಯಾದರೆ ಜನ ನೋಡುತ್ತಾರೆ ಎಂಬ ನಾಚಿಕೆಗೆ. ನುಂಗಿದ ಮೇಲೂ ಅವನು ಅತ್ತ, ಎರಡು ಸಲ ಕುಡಿಸಿದೆ. ಆ ಹಾಲು ಅವನ ಹೊಟ್ಟೆಗೆ ಹೋಯಿತು. ಅವನ ಕೈ ಮೇಲೇಳದೆ ಇರುವುದು, ನಗು ಗಂಟಲಲ್ಲೇ ನಿಂತಿರುವುದು, ಎಲ್ಲ ಅದರಿಂದಲೇ ಇರಬೇಕು. ನನ್ನ ಸೀರೆ ಒಣಗಿರಲಿ ಎಂದು ನಾನು ಮಗುವನ್ನು ಒಣಗಿಸಿಬಿಟ್ಟೆ.

ಏಪ್ರಿಲ್ ಹದಿನೈದಕ್ಕೆ ಕೆಲಸ ಬಿಡುತ್ತೇನೆ ಎಂದು ಮೇಸ್ತ್ರಿಗೆ ಹೇಳಿದ್ದೇನೆ. "ಜೂನ್‌ಗೆ ಕಾಯಂ ಆಗೋಳು ಈಗ ಬಿಡ್ತೀನಿ ಅಂತೀಯಲ್ಲ, ತಲೆ ನೆಟ್ಟಗಿದೆಯಾ?" ಅಂದ. ಕೋಣೆ ಹೋದರೆ ಹೋಗಲಿ. ಕೋಣೆ ಇಟ್ಟುಕೊಂಡು ಏನು ಮಾಡಲಿ.

ನಿನ್ನ ಮೇಲೆ ನನಗೆ ಒಂದು ಚೂರೂ ಬೇಸರವಿಲ್ಲ. ನೀನು ಇದ್ದದ್ದನ್ನು ಮುಚ್ಚದೆ ಬರೆದೆಯಲ್ಲ, ಬೇರೆಯವರಾಗಿದ್ದರೆ ಎಲ್ಲ ಚೆನ್ನಾಗಿದೆ ಎಂದು ಸುಳ್ಳು ಬರೆಯುತ್ತಿದ್ದರು.

ನಿನ್ನ ತಂಗಿ


ಏಪ್ರಿಲ್ 1

ತಂಗೀ,

ಮೊದಲು ಇದನ್ನು ಓದು. ಮಗು ಚೆನ್ನಾಗಿದ್ದಾನೆ. ನಗುತ್ತಾನೆ, ಕೈ ಚಾಚುತ್ತಾನೆ, ಹಿಡಿಯುತ್ತಾನೆ, ಮಗುಚುತ್ತಾನೆ. ಎಲ್ಲ ಮಾಡುತ್ತಾನೆ. ಬಹಳ ದಿನದಿಂದ ಮಾಡುತ್ತಾನೆ. ನಾನು ಬರೆದದ್ದು ಸುಳ್ಳು.

ಕೂತುಕೋ, ಹೇಗಾಯಿತು ಎಂದು ಹೇಳುತ್ತೇನೆ.

ಕೂಸಿನ ಮನೆಯಲ್ಲಿ ಒಂದು ಕಟ್ಟುಪಾಡು ಇತ್ತು. ನಾನು ಸೇರಿದ ಮೊದಲ ವಾರ ದೊಡ್ಡ ಆಯಾ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಳು, "ಮಗು ಮೊದಲ ಸಲ ನಕ್ಕರೆ, ಕೂತರೆ, ಹೆಜ್ಜೆ ಇಟ್ಟರೆ ತಾಯಿಗೆ ಹೇಳಬೇಡ. ಮೊದಲನೇದು ಅವಳದು. ಇಡೀ ದಿನ ಮಿಷನ್ ಮುಂದೆ ನಿಂತು ಬರೋಳಿಗೆ, ನಾವು ನೋಡ್ಬಿಟ್ವಿ ಅಂತ ಹೇಳ್ಬಾರ್ದು." ಅದಕ್ಕೆ ನಾವು ಸಂಜೆ ಗೇಟಿನಲ್ಲಿ ಮಗುವನ್ನು ಕೊಡುವಾಗ "ಇವತ್ತೋ ನಾಳೆಯೋ ಅನ್ನೋ ಹಾಗಿದಾನೆ, ಕಣ್ಣಿಟ್ಟಿರಿ" ಅನ್ನುತ್ತಿದ್ದೆವು. ಮರುದಿನ ಅವಳು ಓಡುತ್ತಾ ಬರುವಳು. "ಆಯಾ, ನಿನ್ನೆ ನಡೆದೇಬಿಟ್ಟ!" ನಾವು ಕೆನ್ನೆ ಮೇಲೆ ಕೈ ಇಟ್ಟುಕೊಂಡು "ಹೌದಾ!" ಅನ್ನುವುದು. ಹನ್ನೊಂದು ವರ್ಷ ಹೀಗೆ "ಹೌದಾ" ಅಂದಿದ್ದೇನೆ. ಯಾವ ತಾಯಿಗೂ ಅದರಿಂದ ಕೆಟ್ಟದ್ದಾಗಲಿಲ್ಲ.

ನಿನ್ನ ಮೊದಲ ಕಾಗದ ಬರುವ ಹಿಂದಿನ ದಿನ ನಿನ್ನ ಭಾವ ಸಾಲಾಗಿ ಸೀನಿದರು. ಒಂದು, ಎರಡು, ಮೂರನೆಯದಕ್ಕೆ ಮಗು ಗಹಗಹಿಸಿ ನಕ್ಕ. ಬಿಕ್ಕಳಿಕೆ ಬರುವ ತನಕ ನಕ್ಕ. ಇವರು ಬೇಕೆಂದೇ ಮತ್ತೆ ಮತ್ತೆ ಸೀನಿದರು. ಮರುದಿನ ನಿನ್ನ ಕಾಗದ ಬಂತು. ಬರೆಯಲು ಕೂತರೆ ಕೈ ತಾನಾಗಿ ಬರೆದದ್ದು, ಇವತ್ತೋ ನಾಳೆಯೋ. ಅಭ್ಯಾಸ. ಆ ಅಮ್ಮಂದಿರೆಲ್ಲ ಸಂಜೆ ಬಂದು ಮಗುವನ್ನು ಎತ್ತಿಕೊಳ್ಳುತ್ತಿದ್ದರು. ನಿನಗೆ ಸಂಜೆಯೇ ಇಲ್ಲ, ಗೇಟೇ ಇಲ್ಲ. ಅದು ನನ್ನ ತಲೆಗೆ ಹೊಳೆಯಲಿಲ್ಲ. ನಿನಗಾಗಿ ತೆಗೆದಿಡುತ್ತಿದ್ದೇನೆ ಅಂದುಕೊಂಡೆ, ನೀನು ಬಂದ ದಿನ "ನೋಡೇ, ಈಗ ತಾನೇ ಶುರು ಮಾಡಿದ" ಅನ್ನುತ್ತೇನೆ ಎಂದು.

ನಿನ್ನ ಭಾವ ಎರಡು ಸಲ ಹೇಳಿದರು. "ಅವಳು ಹೆದರ್ಕೊಂಡಿದಾಳೆ, ಬರೆದುಬಿಡೆ." ನಾನು "ನಿಮಗೇನ್ ಗೊತ್ತು ಹೆಂಗಸರ ವಿಷಯ" ಎಂದು ಬಾಯಿ ಮುಚ್ಚಿಸಿದೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಇದೂ ಅರ್ಧ ಸುಳ್ಳೇ ಆಗುತ್ತದೆ. ಕೂಸಿನ ಮನೆಯಲ್ಲಿ ಕಂಡದ್ದನ್ನೆಲ್ಲ ಸಂಜೆ ಗೇಟಿನಲ್ಲಿ ಕೊಟ್ಟು ಬರಿಗೈಯಲ್ಲಿ ಮನೆಗೆ ಬರುತ್ತಿದ್ದೆ. ಇಲ್ಲಿ ಬೆಳಿಗ್ಗೆ ಅವನು ಬೀಗದ ಕೈಗೆ ಕೈ ಚಾಚಿದಾಗ, ಸಂಜೆಯಾದರೂ ಯಾರೂ ಕೇಳಲು ಬರಲಿಲ್ಲ. ಅದು ನನ್ನ ಹತ್ತಿರವೇ ಉಳಿಯಿತು. ನಿನ್ನ ಕಾಗದಕ್ಕೆ ಉತ್ತರ ಬರೆಯುವಾಗ, ಬರೆದರೆ ಅದು ಹೋಗಿಬಿಡುತ್ತದೆ ಅನ್ನಿಸಿತು. ತೆಗೆದಿಟ್ಟೆ ಅಂದೆನಲ್ಲ, ಬಚ್ಚಿಟ್ಟೆ ಅನ್ನಬೇಕು.

ಆ ಮಾತ್ರೆಯ ಮಾತು ಓದಿದ ಮೇಲೆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ನೀನು ಇಷ್ಟು ದಿನ ಅದನ್ನು ಹೊತ್ತುಕೊಂಡು ಇಸ್ತ್ರಿ ಮಾಡುತ್ತಿದ್ದೆ, ನಾನು ಇಲ್ಲಿ ದೊರೆ ದೊರೆ ಎಂದು ಹಾಸ್ಯ ಮಾಡುತ್ತಿದ್ದೆ. ಕೊನೆಗೆ ನೀನು ನನ್ನನ್ನು ಹೊಗಳಿದ್ದೀಯಲ್ಲ, ಮುಚ್ಚದೆ ಬರೆದೆ ಎಂದು. ಅದಕ್ಕಿಂತ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು. ನಿನ್ನ ಸೊಟ್ಟ ಅಕ್ಷರ ನೋಡಿದರೆ ಎಷ್ಟು ಸಿಟ್ಟಿನಲ್ಲಿ ಬರೆದಿದ್ದೀಯೋ ಗೊತ್ತಾಗುತ್ತದೆ.

ಕಾಗದ ತಲುಪಲು ತಡವಾಗಬಹುದು ಎಂದು ಇವತ್ತು ನಿಮ್ಮ ಗೇಟಿಗೆ ಫೋನ್ ಮಾಡಿಸಿ "ಮಗು ಚೆನ್ನಾಗಿದೆ" ಎಂದು ಹೇಳಿಸಿದ್ದೇನೆ. ಉಳಿದದ್ದನ್ನು ಹೇಳಿಸಲು ಧೈರ್ಯ ಸಾಲಲಿಲ್ಲ. ಕೆಲಸ ಬಿಡಬೇಡ. ಆ ಕೋಣೆ ಬಿಡಬೇಡ.

ಅಕ್ಕ


ಏಪ್ರಿಲ್ 20

ತಂಗೀ,

ಉತ್ತರ ಇಲ್ಲ. ಬರೆಯದಿದ್ದರೂ ನ್ಯಾಯವೇ. ಪೋಸ್ಟಿನವನು ನಮ್ಮ ಬಾಗಿಲು ದಾಟಿ ಹೋಗುವಾಗ ನಾನು ಒಳಗೇ ನಿಲ್ಲುತ್ತೇನೆ.

ಇನ್ನು ಮೇಲೆ ಕಂಡದ್ದನ್ನು ಕಂಡ ಹೊತ್ತಿಗೇ ಬರೆಯುತ್ತೇನೆ. ಒಲೆಯ ಮೇಲೆ ಹಾಲಿದೆ, ಉಕ್ಕಿದರೂ ಏಳುವುದಿಲ್ಲ. ಈಗ ತಾನೇ ಯಾರೂ ಹಿಡಿಯದೆ ಕೂತ. ಎರಡು ಕೈಯನ್ನೂ ಮುಂದೆ ಊರಿ, ಕಪ್ಪೆಯ ಹಾಗೆ. ನಾನು ಹಿಡಿಯಲು ಹೋಗಲಿಲ್ಲ. ಸ್ವಲ್ಪ ಹೊತ್ತು ಇದ್ದು ಎಡಕ್ಕೆ ಉರುಳಿದ, ಅಳಲಿಲ್ಲ, ಯಾರೋ ತಳ್ಳಿದರು ಅನ್ನುವ ಹಾಗೆ ಸುತ್ತ ನೋಡಿದ. ಇದು ಮೊದಲ ಸಲ. ನಿಜವಾಗಿ ಮೊದಲ ಸಲ. ನಾನೊಬ್ಬಳೇ ನೋಡಿದ್ದು, ಈಗ ನೀನು.

ನಿನ್ನೆ ಎದುರುಮನೆಗೆ ಹೊಸದಾಗಿ ಸೇರಿದ ಟೈಲರ್ ಬಂದು "ಬಾರೋ ಗಿರಾಕಿ, ಅಳತೆ ತಗೋತೀನಿ" ಎಂದು ಎತ್ತಿಕೊಂಡ. ಇವನು ತುಟಿ ಸೊಟ್ಟ ಮಾಡಿ, ಅವನ ಮುಖ ನೋಡಿ, ನನ್ನ ಮುಖ ನೋಡಿ, ಒಂದೇ ಸಮನೆ ಅತ್ತ. ನನ್ನ ಹೆಗಲಿಗೆ ಬಂದ ಮೇಲೇ ಸುಮ್ಮನಾದದ್ದು. ಆ ದಪ್ಪ ಕನ್ನಡಕ ಕಂಡು ಹೆದರಿರಬೇಕು.

ನಿನ್ನ ಕೆಲಸ ಇದೆಯೋ ಹೋಯಿತೋ, ಅದೊಂದನ್ನಾದರೂ ಬರಿ. ನನಗೆ ಬೇಡ, ನಿನ್ನ ಭಾವನ ಹೆಸರಿಗೆ ಬರಿ.

ಅಕ್ಕ


ಮೇ 3

ಅಕ್ಕ,

ಭಾವನ ಹೆಸರಿಗೆ ಬರೆಯಲು ಹೊರಟೆ, ಆಗಲಿಲ್ಲ. ಅವರಿಗೆ ಏನೆಂದು ಬರೆಯಲಿ, ಇನ್ನೊಂದು ಸಲ ಸೀನಿ ಎಂದಾ?

ನಿನ್ನ ಫೋನಿನ ವಿಷಯ ಮೊದಲು ಹೇಳುತ್ತೇನೆ. ಗೇಟಿನವನು ರೋಲರ್ ಸದ್ದಿನ ನಡುವೆ ಕೂಗಿದ, "ನಿಮ್ ಮಗು ಚೆನ್ನಾಗಿದೆಯಂತೆ!" ಅಷ್ಟೇ. ಯಾರೂ ಕೇಳದೆ ಚೆನ್ನಾಗಿದೆ ಎಂದು ಫೋನ್ ಮಾಡುತ್ತಾರಾ ಅಕ್ಕ? ಮಗು ಹೋಯಿತು, ನನ್ನನ್ನು ಮೆಲ್ಲಗೆ ಕರೆಸಿಕೊಳ್ಳಲು ಹೀಗೆ ಹೇಳಿಸಿದ್ದಾರೆ ಅಂದುಕೊಂಡೆ. ನಿನ್ನ ಕಾಗದ ಬರುವ ತನಕ ನಾನು ಹೇಗಿದ್ದೆನೋ ನನಗೇ ನೆನಪಿಲ್ಲ.

ಕಾಗದ ಓದಿದೆ. ಮೊದಲು ಅಳು ಬಂತು, ಸಂತೋಷಕ್ಕೆ. ಆಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ನೀನು ನನಗೆ ಮೊದಲನೆಯದನ್ನು ಕೊಡಲು ಹೊರಟೆ. ನನಗೆ ಮೊದಲನೆಯದು ಬೇಕಿರಲಿಲ್ಲ ಅಕ್ಕ. ಹತ್ತನೆಯದಾದರೂ ಸಾಕಿತ್ತು, ಹಳಸಿದ್ದಾದರೂ ಸಾಕಿತ್ತು. "ನಕ್ಕ" ಎಂಬ ಎರಡಕ್ಷರ ಬಂದಿದ್ದರೆ ಅದನ್ನೇ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ.

ಬೈಯುವಷ್ಟು ಬೈದಾಯಿತು ಅಂದುಕೊಳ್ಳುವ ಹೊತ್ತಿಗೆ ನನ್ನ ಕೈ ಕಾಣಿಸಿತು. ಅಕ್ಷರ ಸೊಟ್ಟಗಿದ್ದದ್ದು ಸಿಟ್ಟಿಗಲ್ಲ, ತೊಡೆಯ ಮೇಲೆ ಬರೆದದ್ದಕ್ಕೂ ಅಲ್ಲ. ಎಡಗೈಯಲ್ಲಿ ಬರೆದದ್ದು. ನರ್ಸಮ್ಮ ಭುಜ ಮುಟ್ಟಿದ ದಿನ ಹಾಸುಬಟ್ಟೆಯ ಅಂಚಿನ ಜೊತೆ ನನ್ನ ಬಲಗೈ ಬೆರಳುಗಳನ್ನೂ ರೋಲರಿಗೆ ಕೊಟ್ಟಿದ್ದೆ. ಪಕ್ಕದವಳು ಎಳೆದಳು. ಮೂರು ಬೆರಳು ಸುಟ್ಟಿತು, ಪಟ್ಟಿ ಕಟ್ಟಿಕೊಂಡೇ ದಿನ ತಪ್ಪಿಸದೆ ಕೆಲಸಕ್ಕೆ ಬಂದೆ, ಈಗ ಹೊಸ ಚರ್ಮ ಬಂದಿದೆ, ಮಡಚಲು ಆಗುತ್ತದೆ. ನಿನಗೆ ಹೇಳಲಿಲ್ಲ. ನೀನು ಹೆದರುತ್ತೀಯ ಎಂದು. ನಾನೂ ಮುಚ್ಚಿಟ್ಟ ಮೇಲೆ ನಿನ್ನನ್ನು ಯಾವ ಮುಖ ಇಟ್ಟುಕೊಂಡು ಬೈಯಲಿ. ಇದನ್ನು ಓದಿ ನಿನ್ನಿಂದಲೇ ಆಯಿತು ಎಂದು ಕೂರಬೇಡ. ಕಣ್ಣು ಇಸ್ತ್ರಿಯ ಮೇಲಿರಬೇಕಿತ್ತು, ಇರಲಿಲ್ಲ, ಅಷ್ಟೇ.

ಕೆಲಸ ಹೋಗಲಿಲ್ಲ. "ಬಿಡಲ್ಲ, ಇರ್ತೀನಿ" ಎಂದು ಮೇಸ್ತ್ರಿಯ ಮುಂದೆ ನಿಂತೆ. "ಗಡಿಯಾರದ ಲೋಲಕ ಇದ್ದ ಹಾಗಿದೀಯಮ್ಮ ನೀನು" ಎಂದು ಮಡಚುವ ಮೇಜಿಗೆ ಹಾಕಿದ. ಜೂನ್ ಕೊನೆಗೆ ಕೋಣೆ. ಜುಲೈ ಮೊದಲ ವಾರ ಬಂದು ಮಗುವನ್ನು ಕರೆದುಕೊಂಡು ಬರುತ್ತೇನೆ. ಈ ಸಾಲು ಬರೆಯುವಾಗ ನಿನ್ನ ಮುಖ ನೆನಪಾಯಿತು, ಬರೆಯದೆ ಬಿಡೋಣ ಅನ್ನಿಸಿತು. ನೋಡು, ನನಗೂ ಅಭ್ಯಾಸವಾಗುತ್ತಿದೆ.

ಮಾತ್ರೆಯ ವಿಷಯ ನರ್ಸಮ್ಮನನ್ನು ಕೇಳಿದೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂದರು. ಅವನು ಕಪ್ಪೆಯ ಹಾಗೆ ಕೂತದ್ದನ್ನು ಓದಿ ಹೇಳಿದೆ, ಈ ಸಲ ನಕ್ಕರು. ಆಮೇಲೆ ಟೈಲರ್ ಎತ್ತಿಕೊಂಡಾಗ ಅವನು ಅತ್ತದ್ದನ್ನೂ ಓದಿದೆ. ಅದಕ್ಕೆ ಅವರು "ಅದೂ ಒಳ್ಳೇದೇ. ಏಳು ಎಂಟು ತಿಂಗಳಿಗೆ ಮಕ್ಕಳು ತಮ್ಮೋರು ಯಾರು, ಹೊಸಬರು ಯಾರು ಅಂತ ಗುರುತಿಸೋಕೆ ಶುರು ಮಾಡ್ತವೆ, ಹೊಸ ಮುಖದ ಹತ್ರ ಹೋಗಲ್ಲ. ಬುದ್ಧಿ ಬರ್ತಿದೆ ಅಂತ ಅರ್ಥ" ಅಂದರು. ಅವರು ಸಂತೋಷದಿಂದಲೇ ಹೇಳಿದ್ದು. ನಾನು ಮೇಜಿನ ಮೇಲಿದ್ದ ಹಾಸನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದೆ.

ಜುಲೈಗೆ ಅವನಿಗೆ ಒಂಬತ್ತು ತಿಂಗಳು. ಬಾಗಿಲಲ್ಲಿ ನಿಲ್ಲುವ ಹೊಸ ಮುಖ ನನ್ನದೇ.

ಇಷ್ಟು ದಿನ ಎಲ್ಲ ಬೇಗ ಬರಲಿ, ಹೊತ್ತಿಗೆ ಸರಿಯಾಗಿ ಬರಲಿ ಎಂದು ಬೇಡಿದವಳು ನಾನು. ಇದೊಂದು ಮಾತ್ರ ತಡವಾಗಲಿ ಎಂದು ಬೇಡುತ್ತಿದ್ದೇನೆ. ಹೆತ್ತವಳು ಬೇಡುವ ಮಾತಾ ಇದು? ಬುದ್ಧಿ ಬಂದಿದ್ದರೆ ಬರಲಿ, ನಾನು ಬಂದ ಕೂಡಲೇ ಕೈ ಚಾಚುವುದಿಲ್ಲ. ಮೂಲೆಯಲ್ಲಿ ಕೂತು ನಿಮ್ಮ ಮನೆಯ ಬಟ್ಟೆಯನ್ನೆಲ್ಲ ಮಡಚಿಕೊಂಡಿರುತ್ತೇನೆ, ಅವನಾಗಿ ಹತ್ತಿರ ಬರುವ ತನಕ. ನೀನು ಮಾತ್ರ "ಹೋಗು, ಅಮ್ಮ ಕಣೋ" ಎಂದು ಅವನನ್ನು ತಳ್ಳಬೇಡ. ಅವನು ಅತ್ತು ನಿನ್ನ ಹೆಗಲಿಗೇ ಅಂಟಿಕೊಂಡರೆ ನೀನು ಮುಖ ಮರೆಸಿಕೊಳ್ಳಲೂ ಬೇಡ.

ಆದರೆ ಮೊದಲೇ ತಿಳಿದುಕೊಂಡು ಬರಬೇಕು. ಅದಕ್ಕೇ ಕೇಳುತ್ತಿದ್ದೇನೆ, ಇನ್ನೊಂದೇ ಒಂದು ಸಲ ನೋಡಿ ಬರಿ. ಆ ಟೈಲರ್‌ಗೆ ಹೇಳಿ ಕನ್ನಡಕ ತೆಗೆಸಿ, ಮಗುವನ್ನು ಮತ್ತೆ ಅವನ ಕೈಗೆ ಕೊಡು. ಕನ್ನಡಕ ಇಲ್ಲದಿದ್ದರೂ ಅಳುತ್ತಾನಾ?

ನಿನ್ನ ತಂಗಿ